ಎಣ್ಣೆ ಡಬ್ಬಿ ಮೇಲೆ ತಾರೀಖು ಬರೆದಿಟ್ಟ ಮೇಲೆ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿ. ಅಲ್ಲಿ ನಾನು ಲೆಕ್ಕ ಬರೆಯುತ್ತೇನೆ. ವಯಸ್ಸು 44, ಎತ್ತರ 168 ಸೆಂಟಿಮೀಟರ್. ಕಳೆದ ವರ್ಷ ಸಂಕ್ರಾಂತಿ ಹೊತ್ತಿಗೆ ತೂಕ 86 ಕೆಜಿ ಇತ್ತು, ಈಗ 75.

ಮೊದಲು ಎಲ್ಲರ ಹಾಗೆ ನಡಿಗೆ ಶುರು ಮಾಡಿದೆ. ಬೆಳಗ್ಗೆ ಐದೂವರೆಗೆ ಎದ್ದು ಅಂತರಗಂಗೆ ಬೆಟ್ಟದ ಕಡೆ ಹೋಗಿ, ಮೆಟ್ಟಿಲು ಹತ್ತಿ, ಬಸವಣ್ಣನ ಬಾಯಿಂದ ಬೀಳುವ ನೀರಲ್ಲಿ ಮುಖ ತೊಳೆದು ವಾಪಸ್ ಬರುತ್ತಿದ್ದೆ. ಆರು ವಾರ ಒಂದು ದಿನವೂ ತಪ್ಪಿಸಲಿಲ್ಲ. ತೂಕ ಅರ್ಧ ಕೆಜಿನೂ ಇಳಿಯಲಿಲ್ಲ. ತುಂಬಾ ಬೇಜಾರಾಯಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ತೂಕದವನು ಒಂದು ಗಂಟೆ ನಡೆದರೆ ಹೆಚ್ಚುವರಿಯಾಗಿ ಖರ್ಚಾಗುವುದು ಅಂದಾಜು 250 ಕ್ಯಾಲೊರಿ ಅಷ್ಟೇ. ಇಳಿದು ಬಂದು ಹೋಟೆಲಲ್ಲಿ ಒಂದು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಅಷ್ಟೂ ವಾಪಸ್ ಬಂದುಬಿಡುತ್ತದೆ, ಇನ್ನೂ ಜಾಸ್ತಿನೇ.

ಹಾಗಾಗಿ ತಿನ್ನುವ ಕಡೆ ಲೆಕ್ಕ ಹಿಡಿದೆ. ಮೈ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತೆ ಅಂತ ಅಂದಾಜು ಮಾಡೋಕೆ ಒಂದು ಸೂತ್ರ ಇದೆ. ಗಂಡಸರಿಗೆ ಕೆಜಿಯಲ್ಲಿ ತೂಕವನ್ನು 10ರಿಂದ, ಸೆಂಟಿಮೀಟರಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿ, ವಯಸ್ಸಿನ ಐದರಷ್ಟು ಕಳೆದು, 5 ಸೇರಿಸಬೇಕು. ಹೆಂಗಸರಾದರೆ 5 ಸೇರಿಸುವ ಬದಲು 161 ಕಳೆಯಬೇಕು. ನನಗೆ 1695 ಬಂತು. ಸುಮ್ನೆ ಮಲಗಿದ್ದರೂ ಮೈ ಖರ್ಚು ಮಾಡುವುದು ಇಷ್ಟು. ದಿನವಿಡೀ ಕೂತು ಕೆಲಸ ಮಾಡುವವನು ಅಂತ 1.2ರಿಂದ ಗುಣಿಸಿದರೆ 2030 ಚಿಲ್ಲರೆ. ನಡಿಗೆ ಸೇರಿಸಿದರೆ 2280. ನಾನು 1700 ತಿನ್ನುತ್ತೇನೆ ಅಂತ ನಿರ್ಧಾರ ಮಾಡಿದೆ. ಅದಕ್ಕೆ ಮುಂಚೆ ಆತುರ ಬಿದ್ದು ಹತ್ತು ದಿನ 1100ರಲ್ಲೇ ಇದ್ದೆ. ಮಧ್ಯಾಹ್ನ ತಲೆ ಸುತ್ತುತ್ತಿತ್ತು, ಮಂಡಿಯಲ್ಲಿ ಕೂಡುವ ಲೆಕ್ಕ ತಪ್ಪಿತು. ಆ ದಾರಿ ಯಾರೂ ಹಿಡಿಯಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಂತೂ ಡಾಕ್ಟರ್ ಹತ್ತಿರ ಕೇಳದೆ ಊಟ ಇಳಿಸಲೇಬಾರದು.

ನಿಜವಾದ ಕೆಲಸ ನಡೆದಿದ್ದು ಅಡುಗೆಮನೆಯಲ್ಲಿ. ಒಂದು ಚಿಕ್ಕ ತೂಕದ ಯಂತ್ರ ತಂದಿಟ್ಟೆ. ಮುದ್ದೆಯನ್ನು ತೂಗಿದರೆ 300 ಗ್ರಾಂ. ಆದರೆ ಅದರಲ್ಲಿ ಹಿಟ್ಟು 100 ಗ್ರಾಂ, ಮಿಕ್ಕಿದ್ದು ನೀರು. ಹಿಟ್ಟಿನಲ್ಲೇ ಲೆಕ್ಕ ಹಿಡಿಯಬೇಕು. ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ. ನಮ್ಮ ಕಡೆ ಮುದ್ದೆ ತಿಂದರೆ ದಪ್ಪ ಆಗಲ್ಲ ಅಂತಾರಲ್ವಾ, ನಾನೂ ಅದನ್ನೇ ನಂಬಿ ರಾತ್ರಿ ಎರಡು ಮುದ್ದೆ ತಿನ್ನುತ್ತಿದ್ದೆ. ಮುದ್ದೆ ಬಿಡಲಿಲ್ಲ. ಒಂದಕ್ಕೆ ಇಳಿಸಿ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಎರಡರಷ್ಟು ಹಾಕಿಸಿಕೊಂಡೆ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ. "ಯಾಕಪ್ಪಾ ಒಂದೇ ಮುದ್ದೆ, ಮೈಗೆ ಹುಷಾರಿಲ್ವಾ?" ಅಂತ ಅಮ್ಮ ಒಂದು ವಾರ ದಿನಾ ಕೇಳಿದರು.

ಮುದ್ದೆ ಬಿಟ್ಟರೆ ದೊಡ್ಡ ಸೋರಿಕೆ ಎಣ್ಣೆಯಲ್ಲಿತ್ತು. ಒಗ್ಗರಣೆಗೆ ಹಾಕುವ ಎಣ್ಣೆಯನ್ನು ದಿನಾ ಅಳೆಯೋದು ಆಗದ ಮಾತು, ಅಡುಗೆ ಮಾಡುವವರಿಗೆ ಅದು ಹಿಂಸೆ. ಅದಕ್ಕೆ ಒಂದು ಲೀಟರ್ ಪ್ಯಾಕೆಟ್ ಡಬ್ಬಿಗೆ ಸುರಿದ ದಿನ ಡಬ್ಬಿ ಮೇಲೆ ತಾರೀಖು ಬರೆದಿಟ್ಟೆ. ಎಂಟು ದಿನಕ್ಕೆ ಖಾಲಿ! ಲೀಟರ್ ಎಣ್ಣೆ ಅಂದರೆ 910 ಗ್ರಾಂ, ಗ್ರಾಮಿಗೆ 9 ಕ್ಯಾಲೊರಿ, ಹತ್ತಿರ ಹತ್ತಿರ 8200. ನಾವು ನಾಲ್ಕು ಜನ, ಎಂಟು ದಿನ. ತಲೆಗೆ ದಿನಕ್ಕೆ 250ರ ಮೇಲೆ. ಅಂದರೆ ಒಂದು ಗಂಟೆ ಬೆಟ್ಟದ ಕಡೆ ನಡೆದು ಬಂದಷ್ಟು, ಬರೀ ಎಣ್ಣೆಯಲ್ಲೇ. ಹೆಂಡತಿಗೆ ಲೆಕ್ಕ ತೋರಿಸಿದೆ. ಕರಿಯೋದು ವಾರಕ್ಕೊಂದು ಸಲ ಆಯಿತು, ಒಗ್ಗರಣೆಗೆ ಚಮಚ ಬಂತು. ಅದೇ ಡಬ್ಬಿ ಹದಿನೈದು ದಿನ ಬರತೊಡಗಿತು. ಯಾರೂ ರುಚಿ ಕಮ್ಮಿ ಅನ್ನಲಿಲ್ಲ.

ಇನ್ನೊಂದು ಹುರಿದ ಕಡಲೆಕಾಯಿ ಬೀಜ. ಮಂಡಿಯಲ್ಲಿ ಮಧ್ಯಾಹ್ನ ಪೊಟ್ಟಣ ಬರುತ್ತೆ, ಮಾತಾಡ್ತಾ ಮಾತಾಡ್ತಾ ಮೂರು ಹಿಡಿ ಹೋಗುತ್ತೆ. ಹಿಡಿಗೆ 30 ಗ್ರಾಂ ಅಂದರೂ 170 ಕ್ಯಾಲೊರಿ. ಈಗ ಒಂದು ಹಿಡಿ ಎಣಿಸಿ ಪಕ್ಕಕ್ಕಿಡುತ್ತೇನೆ. ಟೀಗೆ ಸಕ್ಕರೆ ಅರ್ಧ ಮಾಡಿದೆ, ಅದು ಕಷ್ಟ ಆಗಲಿಲ್ಲ.

ತೂಕ ನೋಡುವ ವಿಷಯದಲ್ಲಿ ತುಂಬಾ ಜನ ಸೋತುಹೋಗ್ತಾರೆ. ಯುಗಾದಿ ಹೊಸತೊಡಕಿಗೆ ಮನೆಯಲ್ಲಿ ಮಟನ್ ಸಾರು ಮಾಡಿದ್ದರು, ಹೊಟ್ಟೆ ತುಂಬಾ ತಿಂದೆ. ಮಾರನೇ ದಿನ 1.4 ಕೆಜಿ ಜಾಸ್ತಿ! ಆದರೆ ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ, ಒಂದು ಊಟದಲ್ಲಿ ಅಷ್ಟು ಸೇರೋಕೆ ಸಾಧ್ಯವೇ ಇಲ್ಲ. ಉಪ್ಪು ಜಾಸ್ತಿಯಾಗಿ ಮೈ ನೀರು ಹಿಡಿದಿತ್ತು, ನಾಲ್ಕು ದಿನಕ್ಕೆ ಇಳಿಯಿತು. ಅದಕ್ಕೇ ದಿನಾ ಬೆಳಗ್ಗೆ ತೂಗಿ ಬರೆದಿಟ್ಟು, ವಾರದ ಸರಾಸರಿಯನ್ನು ಮಾತ್ರ ನಂಬಿ.

ತಿಂದಿದ್ದು, ತೂಕ ಎರಡೂ ಬರೆದಿಟ್ಟ ನಾಲ್ಕು ವಾರದ ಪುಸ್ತಕ ಕೈಯಲ್ಲಿದ್ದರೆ ಸೂತ್ರವೂ ಬೇಡ. ನಾನು ದಿನಕ್ಕೆ 1700 ತಿಂದು ನಾಲ್ಕು ವಾರದಲ್ಲಿ 1.6 ಕೆಜಿ ಇಳಿದಿದ್ದೆ. ಅದನ್ನು 7700ರಿಂದ ಗುಣಿಸಿ 28 ದಿನಕ್ಕೆ ಹಂಚಿದರೆ 440. ಅಂದರೆ ನನ್ನ ನಿಜವಾದ ಖರ್ಚು 2140, ಸೂತ್ರ ಹೇಳಿದ್ದಕ್ಕಿಂತ 140 ಕಮ್ಮಿ. ಕೈಗೆ ಕಟ್ಟಿದ್ದ ಬ್ಯಾಂಡ್ ಬರೀ ಒಂದು ಗಂಟೆ ನಡಿಗೆಗೇ 480 ತೋರಿಸುತ್ತಿತ್ತು. ಅದನ್ನು ನಂಬಿ ತಿಂದಿದ್ದರೆ ಇಳಿಯೋದು ಎಲ್ಲಿಂದ ಬರಬೇಕು?

78ಕ್ಕೆ ಬಂದಾಗ ಇಳಿಯೋದು ತೀರಾ ನಿಧಾನವಾಯಿತು. ಮೈ ಹಗುರಾದಂತೆ ಖರ್ಚೂ ಇಳಿಯುತ್ತೆ, ಎಂಟು ಕೆಜಿಗೆ ದಿನಕ್ಕೆ ನೂರರಷ್ಟು, ಜೊತೆಗೆ ಹಗುರಾದ ಮೈ ನಡಿಗೆಯಲ್ಲೂ ಕಮ್ಮಿನೇ ಸುಡೋದು. ಊಟ ಇನ್ನೂ ಇಳಿಸಲು ಮನಸ್ಸು ಬರಲಿಲ್ಲ. ಸಂಜೆ ಮಂಡಿಯಿಂದ ಮನೆಗೆ ಬೈಕ್ ಬಿಟ್ಟು ನಡೆದೇ ಬರತೊಡಗಿದೆ. ಜುಲೈ, ಆಗಸ್ಟಲ್ಲಿ ಮಾಲು ಜಾಸ್ತಿ ಬಂದು ರಾತ್ರಿವರೆಗೂ ಕೆಲಸ ಇದ್ದಾಗ ಅದು ಆಗಲಿಲ್ಲ, ಆ ಎರಡು ತಿಂಗಳು ತೂಕ ಏರದಂತೆ ನೋಡಿಕೊಂಡೆ, ಅಷ್ಟೇ. ಮಿಕ್ಕ ಮೂರು ಕೆಜಿ ಅವರೆಕಾಯಿ ಕಾಲ ಬರುವಷ್ಟರಲ್ಲಿ ಹೋಯಿತು. ಹಿತಕಿದ ಬೇಳೆ ಸಾರಿಗೆ ಈಗ ಒಂದೂವರೆ ಮುದ್ದೆ ತಿನ್ನುತ್ತೇನೆ, ಪುಸ್ತಕದಲ್ಲಿ ಬರೆದುಕೊಂಡು.