ಡಾಕ್ಟರ್ ಹೂ: ಕಳೆದುಹೋದ ಕಂತುಗಳನ್ನು ನೋಡೋದು ಹೇಗೆ?

ಡಾಕ್ಟರ್ ಹೂ ಅಂದರೆ ಬಿಬಿಸಿಯ ಹಳೇ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ. ಅದರ 1960ರ ದಶಕದ ಎಷ್ಟೋ ಕಂತುಗಳನ್ನು ಬಿಬಿಸಿಯೇ ಅಳಿಸಿಹಾಕಿದೆ. ಆದರೆ ಧ್ವನಿ ಪೂರ್ತಿ ಉಳಿದಿದೆ, ಅಭಿಮಾನಿಗಳು ಮನೆಯಲ್ಲೇ ಟಿವಿಯಿಂದ ರೆಕಾರ್ಡ್ ಮಾಡಿಟ್ಟಿದ್ದರು!

ಕೊಡಗಿನ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬೋ ಹಾಗಿಲ್ಲ ಅಲ್ವಾ, ಅದಕ್ಕೆ ಮಡಿಕೇರಿಗೆ ಹೋದಾಗಲೇ ಆಡಿಯೋ ಕೊಂಡು ಡೌನ್‌ಲೋಡ್ ಮಾಡಿಕೊಳ್ಳಿ. ಮೊದಲು 'ದಿ ಪವರ್ ಆಫ್ ದಿ ಡಾಲೆಕ್ಸ್' ಅನ್ನೋ ಕಥೆ. ಇದರ ಆರೂ ಕಂತು ಇಲ್ಲ. 2016ರಲ್ಲಿ ಹಳೇ ಧ್ವನಿಗೆ ಅನಿಮೇಷನ್ ಸೇರಿಸಿದ್ದಾರೆ, ಪಾತ್ರಗಳ ನಡಿಗೆ ಸ್ವಲ್ಪ ಬಿಗಿ, ಆದರೂ ಡಾಕ್ಟರ್ ಪಾತ್ರ ಮಾಡಿದ ಪ್ಯಾಟ್ರಿಕ್ ಟ್ರೌಟನ್ ದನಿ ಕೇಳ್ತಾ ಅದು ಮರೆತೇ ಹೋಗುತ್ತೆ.

ನನ್ನ ಕೇಳಿದರೆ ಬರೀ ಧ್ವನಿಯೇ ವಾಸಿ. ಹೆಡ್‌ಫೋನ್ ಹಾಕಿ, ಹೆಂಚಿನ ಮೇಲೆ ಮಳೆ ಸುರಿಯುವಾಗ ಸ್ಪೀಕರ್ ಸುಮ್ನೆ ದಂಡ. ಜೊತೆಗೆ ಟೆಲಿಸ್ನ್ಯಾಪ್, ಅಂದರೆ ಜಾನ್ ಕ್ಯೂರಾ ಅನ್ನೋ ಛಾಯಾಗ್ರಾಹಕ ಆಗ ಟಿವಿ ಪರದೆಯಿಂದಲೇ ತೆಗೆದ ಫೋಟೋಗಳನ್ನು ಫೋನಿನಲ್ಲಿ ಒಂದೊಂದಾಗಿ ಸರಿಸುತ್ತಾ ಹೋಗಿ.