ಭಾಷಣ ಬಿಟ್ಟು ಅಳತೆ ಲೋಟ ಹಿಡಿದ ಮೇಲೆ

ಕಾಲೇಜಲ್ಲಿ ಕೌನ್ಸೆಲರ್ ಆಗಿ ಸೇರಿ ಹನ್ನೊಂದು ವರ್ಷ ಆಯ್ತು. ಕುಡಿಯೋ ಹುಡುಗರು, ಕುಡಿಯೋ ಹುಡುಗೀರು, ಅವರ ರೂಮ್‌ಮೇಟ್‌ಗಳು, ಅಪ್ಪ ಅಮ್ಮಂದಿರು, ಇವರ ಜೊತೆ ಕೂತು ಮಾತಾಡೋದೇ ನನ್ನ ಕೆಲಸದಲ್ಲಿ ಅರ್ಧ ಪಾಲು. ಹೇಗೆ ಮಾಡ್ತೀರಿ, ಏನು ಹೇಳ್ತೀರಿ ಅಂತ ಬೇರೆ ಕಾಲೇಜಿನ ಮೇಷ್ಟ್ರುಗಳು ಆಗಾಗ ಕೇಳ್ತಿರ್ತಾರೆ, ಅದಕ್ಕೆ ಒಂದ್ಸಲ ಕೂತು ಎಲ್ಲಾ ಬರೆದುಬಿಡೋಣ ಅನ್ನಿಸ್ತು.

ಮೊದಲ ಎರಡು ವರ್ಷ ನಾನು ಮಾಡಿದ್ದು ಬರೀ ಭಾಷಣ. ಸೆಮಿನಾರ್ ಹಾಲಲ್ಲಿ ಎಲ್ಲರನ್ನೂ ಕೂರಿಸಿ, ಕೆಟ್ಟುಹೋದ ಲಿವರ್ ಫೋಟೋ ತೋರಿಸಿ, ಆಕ್ಸಿಡೆಂಟ್ ಫೋಟೋ ತೋರಿಸಿ, ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಿದಾರೆ ಅಂತ ನೆನಪಿಸಿ, ಕೊನೆಗೆ ಎಲ್ಲರ ಕೈಲೂ ಪ್ರತಿಜ್ಞೆ ಮಾಡಿಸೋದು. ಒಬ್ಬರೂ ಪಿಟಕ್ ಅಂತಿರಲಿಲ್ಲ, ಕೆಲವರ ಕಣ್ಣಲ್ಲಿ ನೀರು ಬರೋದು, ನಾನು ಕೆಲಸ ಆಯ್ತು ಅಂದ್ಕೊಂಡು ಮನೆಗೆ ಹೋಗ್ತಿದ್ದೆ.

ಎರಡನೇ ವರ್ಷ ಹಾಸ್ಟೆಲಲ್ಲಿ ಒಬ್ಬ ಹುಡುಗ, ಅವನ ಬರ್ತ್‌ಡೇ ರಾತ್ರಿ, ಫ್ರೆಂಡ್ಸ್ ಒತ್ತಾಯಕ್ಕೆ ನೀರೂ ಬೆರೆಸದೆ ರಾ ಹೊಡೆದು ಹನ್ನೆರಡು ಗಂಟೆ ಹೊತ್ತಿಗೆ ಪೂರ್ತಿ ಔಟ್. ರೂಮ್‌ಮೇಟ್‌ಗಳು ಅಂಗಾತ ಮಲಗಿಸಿ, ಹೊದಿಕೆ ಹೊದಿಸಿ, ಚಿಲಕ ಹಾಕ್ಕೊಂಡು ಕೂತುಬಿಟ್ರು, ಯಾಕಂದ್ರೆ ಸಿಕ್ಕಿಬಿದ್ರೆ ಹಾಸ್ಟೆಲಿಂದ ಆಚೆ ಅನ್ನೋದು ಆಗಿನ ರೂಲ್. ಎರಡು ಗಂಟೆಗೆ ಅವನು ಮಲಗಿದ ಹಾಗೇ ವಾಂತಿ ಮಾಡ್ಕೊಂಡ, ಉಸಿರು ಗೊರ ಗೊರ ಅನ್ನೋಕೆ ಶುರುವಾಯ್ತು, ತುಟಿ ನೀಲಿ. ಪಕ್ಕದ ರೂಮಿನ ಸೀನಿಯರ್ ಸದ್ದು ಕೇಳಿ ಬಂದು, ಪಕ್ಕಕ್ಕೆ ಹೊರಳಿಸಿ, ಬಾಯಿ ಕ್ಲೀನ್ ಮಾಡಿ, ಆಂಬುಲೆನ್ಸ್ ಕರೆಸಿದ್ದಕ್ಕೆ ಹುಡುಗ ಉಳಿದ. ಬೆಳಿಗ್ಗೆ ಆಸ್ಪತ್ರೆ ಕಾರಿಡಾರಲ್ಲಿ ಅವನ ರೂಮ್‌ಮೇಟ್ ನನ್ನೆದುರಿಗೆ ತಲೆ ತಗ್ಗಿಸ್ಕೊಂಡು ನಿಂತು, "ಮೇಡಂ, ನಿಮಗೆ ಫೋನ್ ಮಾಡೋಣ ಅಂತ ನಂಬರ್ ತೆಗೆದಿದ್ದೆ, ಆಮೇಲೆ ಸೆಮಿನಾರಲ್ಲಿ ನೀವು ಹೇಳಿದ್ದೆಲ್ಲ ನೆನಪಾಗಿ ಭಯ ಆಯ್ತು, ಮಾಡ್ಲಿಲ್ಲ" ಅಂದ.

ನಾನು ಅಷ್ಟು ಕಷ್ಟಪಟ್ಟು ಹುಟ್ಟಿಸಿದ ಭಯ ಬಾಟ್ಲಿ ಕಡೆ ಹೋಗಿರಲಿಲ್ಲ, ನನ್ನ ಕಡೆಗೇ ಬಂದಿತ್ತು. ಅವತ್ತಿಂದ ಆ ಫೋಟೋಗಳನ್ನ ನಾನು ತೋರಿಸಿಲ್ಲ. ಆಮೇಲೆ ಓದಿದಾಗ ಗೊತ್ತಾಯ್ತು, ಅಮೆರಿಕದ ಸರ್ಕಾರಿ ಮದ್ಯಪಾನ ಸಂಶೋಧನಾ ಸಂಸ್ಥೆ 2015ರಲ್ಲಿ ಕಾಲೇಜುಗಳಿಗೆ ಅಂತಾನೇ ಯಾವ ವಿಧಾನ ಕೆಲಸ ಮಾಡುತ್ತೆ ಯಾವುದು ಮಾಡಲ್ಲ ಅಂತ ಪಟ್ಟಿ ಮಾಡಿದಾಗ, ಬರೀ ಮಾಹಿತಿ ಕೊಟ್ಟು ಬುದ್ಧಿ ಹೇಳೋದನ್ನ ಪರಿಣಾಮ ಇಲ್ಲ ಅನ್ನೋ ಸಾಲಿಗೆ ಹಾಕಿದ್ರು. ನನ್ನ ಎರಡು ವರ್ಷದ ದುಡಿಮೆ ಪೂರ್ತಿ ಆ ಸಾಲಲ್ಲೇ ಇತ್ತು.

ಹೊಸದಾಗಿ ಕಲಿತಿದ್ದರಲ್ಲಿ ಮುಖ್ಯವಾದದ್ದು ಎರಡು. ಒಂದು ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ಬರೆದು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, ಅಂದ್ರೆ ಬದಲಾಗೋಕೆ ಇರೋ ಕಾರಣಗಳನ್ನ ಎದುರಿಗೆ ಕೂತಿರೋರ ಬಾಯಿಂದಲೇ ಹೊರಡಿಸೋ ಮಾತುಕತೆ. ಇನ್ನೊಂದು ವಾಷಿಂಗ್ಟನ್ ಯೂನಿವರ್ಸಿಟಿಯ ಅಲನ್ ಮಾರ್ಲಟ್ ಮತ್ತವರ ತಂಡ ಕಾಲೇಜು ಮಕ್ಕಳಿಗೆ ಅಂತಾನೇ ಮಾಡಿದ ಬೇಸಿಕ್ಸ್ ಅನ್ನೋ ವಿಧಾನ, ಸುಮಾರು ಒಂದೊಂದು ಗಂಟೆಯ ಎರಡೇ ಭೇಟಿ, ಮಧ್ಯದಲ್ಲಿ ವಿದ್ಯಾರ್ಥಿ ತಾನು ಕುಡಿದಿದ್ದನ್ನ ತಾನೇ ಬರೆದಿಡಬೇಕು. ನಾನು ಇವೆರಡನ್ನೂ ಪುಸ್ತಕದಲ್ಲಿದ್ದ ಹಾಗೇ ಮಾಡಲ್ಲ, ನಮ್ಮ ಮಕ್ಕಳಿಗೆ ಒಗ್ಗೋ ಹಾಗೆ ಮಾಡ್ಕೊಂಡಿದೀನಿ.

ಮೊದಲನೇ ಭೇಟಿಯಲ್ಲಿ ಮೊದಲು ಹೇಳೋದು, ಇಲ್ಲಿ ಮಾತಾಡಿದ್ದು ಪ್ರಿನ್ಸಿಪಾಲ್‌ಗೂ ಹೋಗಲ್ಲ, ಮನೆಗೂ ಹೋಗಲ್ಲ, ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದ್ರೆ ಮಾತ್ರ ಬೇರೆಯವರಿಗೆ ಹೇಳ್ತೀನಿ, ಅದನ್ನೂ ನಿನಗೆ ತಿಳಿಸೇ ಮಾಡ್ತೀನಿ. ಇಷ್ಟು ಹೇಳಿ ಸುಮ್ನೆ ಕೂರ್ತೀನಿ. ಆಮೇಲೆ ಕೇಳೋ ಮೊದಲ ಪ್ರಶ್ನೆ, ಕುಡಿಯೋದ್ರಲ್ಲಿ ನಿಂಗೆ ಏನಿಷ್ಟ? ಈ ಪ್ರಶ್ನೆ ಅವರು ನಿರೀಕ್ಷೆನೇ ಮಾಡಿರಲ್ಲ. ಮಾತು ಬರುತ್ತೆ, ಹುಡುಗೀರ ಹತ್ರ ಮಾತಾಡೋಕೆ ಧೈರ್ಯ ಬರುತ್ತೆ, ನಿದ್ದೆ ಬರುತ್ತೆ, ಫ್ರೆಂಡ್ಸ್ ಜೊತೆ ಒಂದಾದ ಹಾಗೆ ಅನ್ಸುತ್ತೆ. ಎಲ್ಲಾ ಕೇಳಿ ಮುಗಿದ ಮೇಲೆ, ಇಷ್ಟ ಇಲ್ಲದ್ದು ಏನಾದ್ರೂ ಇದ್ಯಾ ಅಂತೀನಿ. ಆಗ ಬರೋ ಪಟ್ಟಿ ನನ್ನ ಭಾಷಣಕ್ಕಿಂತ ಉದ್ದ ಇರುತ್ತೆ, ಅದೂ ಅವರ ಬಾಯಿಂದಲೇ.

ಆಮೇಲೆ ಆಡಿಟ್ ಅನ್ನೋ ಹತ್ತು ಪ್ರಶ್ನೆಯ ಫಾರ್ಮ್ ತುಂಬಿಸ್ತೀನಿ, ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ್ದು. ಒಟ್ಟು 40 ಅಂಕ, 8 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಕುಡಿತ ಅಪಾಯದ ಕಡೆ ಹೋಗ್ತಿದೆ ಅಂತ, 20 ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಚಟ ಹತ್ತಿರಬಹುದು, ಡಾಕ್ಟರ್ ನೋಡಲೇಬೇಕು. ಅದರಲ್ಲಿ ಒಂದು ಪ್ರಶ್ನೆ ಇದೆ, ಹಿಂದಿನ ರಾತ್ರಿ ಏನಾಯ್ತು ಅಂತ ನೆನಪೇ ಇಲ್ಲದಿರೋದು ಎಷ್ಟು ಸಲ ಆಗಿದೆ ಅಂತ. ತುಂಬಾ ಮಕ್ಕಳ ಪೆನ್ನು ಅಲ್ಲಿ ನಿಲ್ಲುತ್ತೆ. ಅದನ್ನ ಬರೀ ನಿದ್ದೆ ಅಂದ್ಕೊಂಡಿರ್ತಾರೆ. ಅದು ನಿದ್ದೆ ಅಲ್ಲ, ನೀನು ಎಚ್ಚರ ಇದ್ದೆ, ಓಡಾಡ್ತಿದ್ದೆ, ಮಾತಾಡ್ತಿದ್ದೆ, ಮೆದುಳು ಮಾತ್ರ ರೆಕಾರ್ಡ್ ಮಾಡ್ಕೊಳ್ಳೋದು ನಿಲ್ಲಿಸಿತ್ತು ಅಂತ ವಿವರಿಸಿದಾಗ ಕೆಲವರು ತುಂಬಾ ಹೊತ್ತು ಏನೂ ಮಾತಾಡಲ್ಲ.

ನನ್ನ ಟೇಬಲ್ ಡ್ರಾಯರಲ್ಲಿ ಒಂದು ಗಾಜಿನ ಲೋಟ, ಒಂದು ಬಾಟ್ಲಿ ನೀರು, ಲ್ಯಾಬಿಂದ ತಂದ ಅಳತೆ ಜಾಡಿ ಇದೆ. ಒಬ್ಬ ಹುಡುಗ, ಕ್ಲಾಸಲ್ಲಿ ಒಳ್ಳೇ ಮಾರ್ಕ್ಸ್ ತಗೊಳ್ಳೋನು, "ಮೇಡಂ ನಾನು ಲಿಮಿಟ್ ಮೇಲೆ ಇರ್ತೀನಿ, ಮೂರು ಪೆಗ್ ಅಷ್ಟೇ" ಅಂದ. ಸರಿ, ನಿನ್ನ ಒಂದು ಪೆಗ್ ಹಾಕು ನೋಡೋಣ ಅಂತ ಲೋಟ ಮುಂದೆ ಇಟ್ಟೆ. ದಿನಾ ಮಾಡೋ ಕೈ, ಯೋಚನೆ ಮಾಡದೆ ಬಾಟ್ಲಿ ಬಗ್ಗಿಸಿ ಸುರಿದು, ಲೋಟ ಎತ್ತಿ ಕಣ್ಣ ಮಟ್ಟಕ್ಕೆ ಹಿಡಿದು ನೋಡಿ, ಇನ್ನೊಂದು ಚೂರು ಹಾಕಿದ. ಅದನ್ನ ಅಳತೆ ಜಾಡಿಗೆ ಅವನ ಕೈಲೇ ಹಾಕಿಸಿದೆ. 85 ಎಂಎಲ್. ಅವನು ಬಗ್ಗಿ ಗೆರೆ ನೋಡಿದ, ಜಾಡಿ ಚಪ್ಪಟೆ ಜಾಗಕ್ಕೆ ಸರಿಸಿ ಮತ್ತೆ ನೋಡಿದ.

ಲೆಕ್ಕ ಇಬ್ಬರೂ ಸೇರಿ ಮಾಡಿದ್ವಿ. ಆಡಿಟ್ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದ್ರೆ 10 ಗ್ರಾಂ ಶುದ್ಧ ಆಲ್ಕೋಹಾಲ್, 40 ಪರ್ಸೆಂಟಿನ ವಿಸ್ಕಿಯೋ ರಮ್ಮೋ ಆದ್ರೆ ಹೆಚ್ಚುಕಮ್ಮಿ 30 ಎಂಎಲ್. ಅವನ ಮೂರು ಪೆಗ್ಗು ಅಂದ್ರೆ 255 ಎಂಎಲ್, ಹತ್ತಿರ ಹತ್ತಿರ 80 ಗ್ರಾಂ, ಅಂದ್ರೆ ಎಂಟು ಡ್ರಿಂಕು. ಲಿವರ್ ಗಂಟೆಗೆ ಸುಮಾರು ಒಂದು ಡ್ರಿಂಕ್ ಅಷ್ಟೇ ಕರಗಿಸೋದು, ಕಾಫಿ ಕುಡಿದ್ರೂ ತಣ್ಣೀರು ಸ್ನಾನ ಮಾಡಿದ್ರೂ ಆ ಸ್ಪೀಡ್ ಜಾಸ್ತಿ ಆಗಲ್ಲ. ರಾತ್ರಿ ಹನ್ನೆರಡಕ್ಕೆ ನಿಲ್ಲಿಸಿ ಬೆಳಿಗ್ಗೆ ಏಳೂವರೆಗೆ ಬೈಕ್ ಹತ್ತುತ್ತಿದ್ದ ಹುಡುಗ ಅವನು. "ಅಂದ್ರೆ ನಾನು ಬೈಕ್ ಓಡಿಸುವಾಗ..." ಅಂತ ಶುರು ಮಾಡಿ ವಾಕ್ಯ ಮುಗಿಸಲಿಲ್ಲ. ನಾನೂ ಮುಗಿಸಲಿಲ್ಲ. ಅಲ್ಲಿ ಬಾಯಿ ಹಾಕಿ ಬುದ್ಧಿ ಹೇಳಬಾರದು ಅನ್ನೋದು ನಾನು ಕಲಿತ ಅತಿ ಕಷ್ಟದ ಪಾಠ, ನಾಲಿಗೆ ತುದಿಗೆ ಬಂದಿರುತ್ತೆ, ತಡ್ಕೋಬೇಕು.

ಬಿಯರ್ ಏನೂ ಮಾಡಲ್ಲ ಅನ್ನೋರಿಗೂ ಇದೇ ಲೆಕ್ಕ. 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 500 ಎಂಎಲ್ ಕ್ಯಾನ್ ಒಂದರಲ್ಲೇ ಮೂರು ಡ್ರಿಂಕ್ ಇದೆ. ಹುಡುಗೀರಿಗೆ ಇನ್ನೊಂದು ಮಾತು ಹೇಳ್ತೀನಿ, ಸಾಮಾನ್ಯವಾಗಿ ಹೆಣ್ಣಿನ ದೇಹದಲ್ಲಿ ನೀರಿನ ಪ್ರಮಾಣ ಕಮ್ಮಿ, ಹಾಗಾಗಿ ಅಷ್ಟೇ ತೂಕದ ಹುಡುಗ ಕುಡಿದಷ್ಟೇ ಕುಡಿದ್ರೂ ರಕ್ತದಲ್ಲಿ ಜಾಸ್ತಿ ಏರುತ್ತೆ, ಹುಡುಗರಿಗೆ ಸಮ ಕುಡಿದು ತೋರಿಸ್ತೀನಿ ಅಂತ ಹೊರಟರೆ ಬೇಗ ಬೀಳ್ತೀಯ.

ಎರಡನೇ ಭೇಟಿಗೆ ಬರೋ ಹೊತ್ತಿಗೆ ಎರಡು ವಾರದ ಲೆಕ್ಕ ಬರೆದುಕೊಂಡು ಬಂದಿರ್ತಾರೆ, ಎಷ್ಟು ಗಂಟೆಗೆ, ಯಾರ ಜೊತೆ, ಎಷ್ಟು ಎಂಎಲ್, ಯಾವ ಮೂಡಲ್ಲಿ. ಬರೆಯೋಕೆ ಶುರು ಮಾಡಿದ್ದಕ್ಕೇ ಕೆಲವರದ್ದು ಕಮ್ಮಿ ಆಗಿರುತ್ತೆ. ಅವತ್ತು ನಾನು ಹಾಳೆ ಮೇಲೆ ಒಂದು ಗುಡ್ಡದ ಹಾಗೆ ಗೆರೆ ಎಳೀತೀನಿ. ಕುಡಿಯೋಕೆ ಶುರು ಮಾಡಿದಾಗ ರಕ್ತದಲ್ಲಿ ಆಲ್ಕೋಹಾಲ್ ಏರ್ತಾ ಹೋಗುತ್ತೆ, ಆ ಏರಲ್ಲಿ ಖುಷಿ, ಮಾತು, ನಗು. 0.05 ಪರ್ಸೆಂಟ್ ಆಸುಪಾಸಲ್ಲಿ ಅದು ತುದಿ ಮುಟ್ಟುತ್ತೆ, ಅಲ್ಲಿಂದಾಚೆಗೆ ಎಷ್ಟು ಸುರಿದ್ರೂ ಆ ಖುಷಿ ಜಾಸ್ತಿ ಆಗಲ್ಲ, ಮಂಪರು, ತೊದಲು, ವಾಂತಿ, ಜಗಳ, ಅಳು ಇವೇ ಜಾಸ್ತಿ ಆಗೋದು. ನಿನ್ನ ಕಳೆದ ಶನಿವಾರ ಈ ಗೆರೆ ಮೇಲೆ ಗುರುತು ಮಾಡು ಅಂತ ಪೆನ್ನು ಕೊಡ್ತೀನಿ. ಎಲ್ಲರೂ ಇಳಿಜಾರಲ್ಲೇ ಗುರುತು ಮಾಡೋದು. ಕಿಕ್ ಇಳೀತಿದೆ ಅಂತ ಇನ್ನೊಂದು ಹಾಕ್ಕೊಂಡೆ ಅಂತಾರೆ, ಆ ಇನ್ನೊಂದು ಅವರನ್ನ ಮತ್ತೆ ಮೇಲಕ್ಕೆ ತಂದಿರೋದೇ ಇಲ್ಲ.

ಕಮ್ಮಿ ಮಾಡೋದು ನಿನಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳು ಅಂತಲೂ ಕೇಳ್ತೀನಿ. ನಾಲ್ಕು ಅಂದ್ರೆ, ಯಾಕೆ ಎಂಟು ಅಲ್ಲ ಅಂತ ಕೇಳಬಾರದು, ಕೇಳಿದ್ರೆ ಬಿಡದೇ ಇರೋಕೆ ಕಾರಣಗಳನ್ನ ಸಾಲಾಗಿ ಹೇಳ್ತಾರೆ. ಯಾಕೆ ಎರಡಲ್ಲ, ನಾಲ್ಕು ಯಾಕೆ ಅಂದೆ ಅಂತ ಕೇಳಬೇಕು. ಆಗ ಕಮ್ಮಿ ಮಾಡೋಕೆ ಇರೋ ಕಾರಣ ಅವರೇ ಹುಡುಕ್ತಾರೆ. ಒಬ್ಬಳು ಹುಡುಗಿ ಈ ಪ್ರಶ್ನೆಗೆ, "ತಂಗಿ ಮುಂದಿನ ವರ್ಷ ಇದೇ ಕಾಲೇಜಿಗೆ ಬರ್ತಾಳೆ ಮೇಡಂ" ಅಂದು ಅತ್ತುಬಿಟ್ಟಳು. ಆ ಕಾರಣ ನಾನು ನೂರು ವರ್ಷ ಯೋಚನೆ ಮಾಡಿದ್ರೂ ನನಗೆ ಹೊಳೀತಿರಲಿಲ್ಲ.

ಎಲ್ಲರೂ ಕುಡೀತಾರೆ ಅನ್ನೋ ಮಾತು ಇದೆಯಲ್ಲ, ಅದಕ್ಕೆ ಬೇರೆ ಉಪಾಯ ಮಾಡಿದೆ. ಪರ್ಕಿನ್ಸ್ ಮತ್ತು ಬರ್ಕೋವಿಟ್ಜ್ ಅನ್ನೋ ಇಬ್ಬರು ಸಂಶೋಧಕರು 1986ರಲ್ಲೇ ಇದನ್ನ ಬರೆದಿದಾರೆ, ವಿದ್ಯಾರ್ಥಿಗಳು ತಮ್ಮ ಓರಗೆಯವರು ನಿಜವಾಗಿ ಇರೋದಕ್ಕಿಂತ ಕುಡಿತಕ್ಕೆ ಜಾಸ್ತಿ ಒಲವಿರೋರು ಅಂತ ತಿಳ್ಕೊಂಡಿರ್ತಾರೆ, ಆ ತಪ್ಪು ಅಂದಾಜಿಗೆ ಸರಿಯಾಗಿ ತಾವೂ ಕುಡೀತಾರೆ. ನಾನು ಕ್ಲಾಸಲ್ಲಿ ಹೆಸರಿಲ್ಲದ ಚೀಟಿ ಹಂಚಿದೆ, ಒಂದು ಬದಿ ನೀನು ವಾರಕ್ಕೆ ಎಷ್ಟು ಕುಡೀತೀಯ, ಇನ್ನೊಂದು ಬದಿ ಈ ಕ್ಲಾಸಲ್ಲಿ ಮಾಮೂಲಿಯಾಗಿ ಎಷ್ಟು ಕುಡೀತಾರೆ ಅಂತ ನಿನಗನ್ಸುತ್ತೆ. ಚೀಟಿಗಳನ್ನ ಅವರ ಕೈಲೇ ಎಣಿಸಿಸಿದೆ. ಸೊನ್ನೆ ಅಂತ ಬರೆದ ಚೀಟಿಗಳದ್ದೇ ದೊಡ್ಡ ರಾಶಿ. ಹಿಂದಿನ ಬೆಂಚಲ್ಲಿ ಕೂತಿದ್ದ ಒಬ್ಬ ಆ ರಾಶಿನ ಮತ್ತೆ ಎಣಿಸಬೇಕು ಅಂತ ಎದ್ದು ಬಂದ, ಬಿಟ್ಟೆ, ಎಣಿಸಿದ, ಅಷ್ಟೇ ಬಂತು. ಈ ಕೆಲಸನ ನಾನು ಫಸ್ಟ್ ಇಯರಿನ ಮೊದಲ ತಿಂಗಳಲ್ಲೇ ಮಾಡ್ತೀನಿ, ಯಾಕಂದ್ರೆ ಹೊಸ ಜಾಗ, ಹೊಸ ಗೆಳೆಯರು, ಅಲ್ಲಿ ಸೇರ್ಕೋಬೇಕು ಅನ್ನೋ ಆತುರ, ಅಭ್ಯಾಸ ಬೀಳೋದೇ ಆಗ.

ಪ್ರಿನ್ಸಿಪಾಲ್ ಒಂದ್ಸಲ ನನ್ನ ಕರೆಸಿ, ಮೇಡಂ ನೀವು ಮಕ್ಕಳಿಗೆ ಹೇಗೆ ಕುಡಿಯೋದು ಅಂತ ಕಲಿಸ್ತಿದೀರಂತೆ ಅಂದ್ರು. ಅವರ ಆತಂಕ ನನಗೆ ಅರ್ಥ ಆಗುತ್ತೆ. ಕುಡಿಯದೇ ಇರೋದೇ ಎಲ್ಲಕ್ಕಿಂತ ಒಳ್ಳೇದು, ಇದನ್ನ ಪ್ರತಿ ಮಗುಗೂ ಹೇಳ್ತೀನಿ. ಆದ್ರೆ ಇವತ್ತೇ ಬಿಡಲ್ಲ ಅಂತ ಕೂತಿರೋ ಹುಡುಗನಿಗೆ ಹೇಳೋಕೆ ಏನೂ ಇಲ್ಲ ಅಂತ ಬಾಗಿಲು ಮುಚ್ಚೋಕಾಗಲ್ಲ ಸರ್ ಅಂದೆ. ಅವನಿಗೆ ಹೇಳೋದು ಇಷ್ಟೇ, ಹೋಗೋ ಮೊದಲೇ ಎಷ್ಟು ಅಂತ ತೀರ್ಮಾನ ಮಾಡು, ಖಾಲಿ ಹೊಟ್ಟೆಲಿ ಬೇಡ, ಒಂದಾದ ಮೇಲೆ ಒಂದು ಲೋಟ ನೀರು, ನಿನ್ನ ಲೋಟಕ್ಕೆ ಬೇರೆಯವರು ಸುರಿಯೋಕೆ ಬಿಡಬೇಡ, ಬಾಟಮ್ಸ್ ಅಪ್ ಆಟಕ್ಕೆ ಕೂರಬೇಡ, ಎನರ್ಜಿ ಡ್ರಿಂಕ್ ಜೊತೆ ಬೆರೆಸಬೇಡ, ಅದು ಅಮಲನ್ನ ಕಮ್ಮಿ ಮಾಡಲ್ಲ, ಅಮಲು ಏರಿರೋದು ಗೊತ್ತಾಗದ ಹಾಗೆ ಮಾಡುತ್ತೆ, ಗಾಡಿ ಕೀ ಕುಡಿಯದೇ ಇರೋರ ಕೈಗೆ ಕೊಡು.

ಇದು ಯಾವುದೂ ನಡೆಯದೇ ಇರೋ ಮಕ್ಕಳೂ ಇದಾರೆ. ದಿನಾ ಕುಡಿಯೋರು, ಬೆಳಿಗ್ಗೆ ಕೈ ನಡುಗೋರು. ಅವರಿಗೆ ನಾಳೆಯಿಂದ ಬಿಟ್ಟುಬಿಡು ಅಂತ ನಾನು ಯಾವತ್ತೂ ಹೇಳಲ್ಲ, ತುಂಬಾ ದಿನದಿಂದ ಜಾಸ್ತಿ ಕುಡೀತಿರೋರು ಏಕ್‌ದಂ ನಿಲ್ಲಿಸಿದ್ರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಸನ್ನಿ ಹಿಡಿದು ಜೀವಕ್ಕೇ ಕುತ್ತು ಬರಬಹುದು. ಅವರನ್ನ ಸೈಕಿಯಾಟ್ರಿಸ್ಟ್ ಹತ್ರ ನಾನೇ ಜೊತೇಲಿ ಕರ್ಕೊಂಡು ಹೋಗ್ತೀನಿ. ಕುಡಿತದ ಹಿಂದೆ ಡಿಪ್ರೆಶನ್ ಇರೋರಿಗೂ ಅಷ್ಟೇ. ಅಂಥವರಲ್ಲಿ ಇಬ್ಬರು ನನ್ನ ಹತ್ರ ಬರೋದು ನಿಲ್ಲಿಸಿ ಕಾಲೇಜೂ ಬಿಟ್ಟು ಹೋದ್ರು, ಈಗ ಎಲ್ಲಿದಾರೋ ಗೊತ್ತಿಲ್ಲ, ದಿನಾ ನೆನಪಾಗ್ತಾರೆ.

ಹಾಸ್ಟೆಲ್ ರೂಲ್ ಬದಲಾಯಿಸೋಕೆ ಮೂರು ವರ್ಷ ಹಿಡೀತು. ಈಗಿನ ರೂಲ್, ಕುಡಿದು ಬಿದ್ದೋರಿಗಾಗಿ ಯಾರು ಫೋನ್ ಮಾಡ್ತಾರೋ ಅವರ ಮೇಲೂ ಬಿದ್ದಿರೋರ ಮೇಲೂ ಶಿಸ್ತು ಕ್ರಮ ಇಲ್ಲ, ಕೌನ್ಸೆಲಿಂಗ್‌ಗೆ ಮಾತ್ರ ಬರಬೇಕು. ಪ್ರತಿ ಬ್ಯಾಚಿಗೂ ನೆಲದ ಮೇಲೆ ಚಾಪೆ ಹಾಸಿ ಪಕ್ಕಕ್ಕೆ ಮಲಗಿಸೋದು ಹೇಗೆ ಅಂತ ಮಾಡಿಸ್ತೀನಿ, ಮೇಲಿನ ಮಂಡಿ ಮಡಚಿ ಮುಂದಕ್ಕೆ, ಕೈ ಕೆನ್ನೆ ಕೆಳಗೆ, ಬಾಯಿ ನೆಲದ ಕಡೆ. ಎಬ್ಬಿಸಿದ್ರೆ ಏಳದೇ ಇದ್ರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ ಇದ್ರೆ, ಎರಡು ಉಸಿರಿನ ಮಧ್ಯೆ ಹತ್ತು ಸೆಕೆಂಡ್ ದಾಟಿದ್ರೆ, ಮೈ ತಣ್ಣಗಾಗಿ ತುಟಿ ನೀಲಿಯಾದ್ರೆ, ಇದರಲ್ಲಿ ಒಂದೇ ಕಂಡ್ರೂ ಸಾಕು, ಕಾಯಬೇಡಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ, ಆಂಬುಲೆನ್ಸ್ ಕರೀರಿ. ಕುಡಿಯೋದು ನಿಲ್ಲಿಸಿದ ಮೇಲೂ ಹೊಟ್ಟೇಲಿರೋದು ರಕ್ತಕ್ಕೆ ಏರ್ತಾನೇ ಇರುತ್ತೆ, ಮಲಗಿದ್ರೆ ಸರಿಹೋಗ್ತಾನೆ ಅನ್ನೋದು ಅದಕ್ಕೇ ಅಪಾಯ.

ಪರೀಕ್ಷೆ ಮುಗಿಯೋ ದಿನ ರಾತ್ರಿ ನಾನು ಫೋನ್ ಸೈಲೆಂಟ್ ಮಾಡಲ್ಲ. ಹೋದ ಸಲ ಒಂದು ಮುಕ್ಕಾಲಿಗೆ ಬಂತು. "ಮೇಡಂ, ಒಬ್ಬಳು ಔಟ್ ಆಗಿದಾಳೆ, ಎಬ್ಬಿಸಿದ್ರೆ ಏಳ್ತಿಲ್ಲ, ಪಕ್ಕಕ್ಕೆ ಮಲಗಿಸಿದೀವಿ, ಉಸಿರು ನಿಮಿಷಕ್ಕೆ ಹನ್ನೊಂದು, ಎಣಿಸ್ತಾನೇ ಇದೀವಿ, ಆಂಬುಲೆನ್ಸ್‌ಗೆ ಹೇಳಿದೀವಿ, ನೀವೂ ಬರ್ತೀರಾ?" ಅಂತ ಒಂದೇ ಉಸಿರಲ್ಲಿ. ಫೋನ್ ಇಡಬೇಡ ಕಣಮ್ಮ, ಎಣಿಸ್ತಾ ಇರು, ಬಂದೆ ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ.