ಮ್ಯಾಚ್ ಬಿಡದ ಅಜ್ಜಿಯನ್ನು ನೆನಪಿಟ್ಟುಕೊಳ್ಳುವುದು ಹೇಗೆ

ಒಂದೂ ಕ್ರಿಕೆಟ್ ಮ್ಯಾಚ್ ಬಿಡದ ಅಜ್ಜಿ ತೀರಿಕೊಂಡಾಗ, ಮೊದಲು ಅವರ ಫೋನ್ ಎತ್ತಿಡಿ. ಕ್ರಿಯೆ, ವೈಕುಂಠ ಸಮಾರಾಧನೆ, ಊರಿಂದ ಬಂದವರ ಊಟ ತಿಂಡಿ ಅಂತ ಎರಡು ವಾರ ಕಳೆದದ್ದೇ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಯಾರೋ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ಇನ್ಯಾರಿಗೋ ಕೊಟ್ಟುಬಿಡುತ್ತಾರೆ. ಹಾಗಾಗಲು ಬಿಡಬೇಡಿ. ವಾಟ್ಸಾಪ್ ಖಾತೆಯನ್ನು 120 ದಿನ ಬಳಸದಿದ್ದರೆ ಸಾಮಾನ್ಯವಾಗಿ ಅದು ತಾನಾಗಿಯೇ ಹೋಗುತ್ತದೆ. ನಿಮ್ಮ ಫೋನಿನಲ್ಲಿ ಅಜ್ಜಿಯ ಚಾಟ್ ತೆರೆದು, ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಮೀಡಿಯಾ ಸಮೇತ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಅಣ್ಣ ತಮ್ಮ, ಅತ್ತೆ, ಚಿಕ್ಕಮ್ಮ ಎಲ್ಲರಿಗೂ ಹೇಳಿ. "ಬೇಗ ಟಿವಿ ಹಾಕು, ರಾಹುಲ್ ಆಡ್ತಿದ್ದಾನೆ" ಅನ್ನುವ ಐದು ಸೆಕೆಂಡಿನ ದನಿಗೆ ಎಷ್ಟು ಬೆಲೆ ಅಂತ ಆರು ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಆಮೇಲೆ ರದ್ದಿವಾಲನನ್ನು ಸ್ವಲ್ಪ ದಿನ ತಡೆಯಿರಿ. ಮುಂಬೈಯ ನಮ್ಮ ಮಾಟುಂಗಾ ಮನೆಯಲ್ಲಿ ಅಜ್ಜಿಯ ಹಳೆಯ ಕ್ಯಾಲೆಂಡರ್‌ಗಳು ಸಿಕ್ಕಿದ್ದು ರದ್ದಿಯ ಕಟ್ಟಿನಲ್ಲೇ. ತಾರೀಖಿನ ಚೌಕದಲ್ಲಿ ಏಕಾದಶಿಗೆ ಒಂದು ಸುತ್ತು, ಗ್ಯಾಸ್ ಬಂದ ದಿನಕ್ಕೆ ಒಂದು ಗೀಟು, ಅದರ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣದಾಗಿ "ಗೆ" ಅಥವಾ "ಸೋ". ಇಂಡಿಯಾ ಗೆದ್ದಿದ್ದು, ಸೋತಿದ್ದು. ಗೆದ್ದ ದಿನ ದೇವರ ಮುಂದೆ ತುಪ್ಪದ ದೀಪ. ಸೋತ ದಿನವೂ ದೀಪ ಇರುತ್ತಿತ್ತು, ಎಣ್ಣೆಯದು. ಇಂಥದ್ದು ನಿಮ್ಮಲ್ಲೂ ಸಿಕ್ಕರೆ ಪ್ರತಿ ಪುಟದ ಫೋಟೋ ತೆಗೆದಿಡಿ, ಪೆನ್ಸಿಲ್ ಬರಹ ಮುಂಬೈಯ ಮಳೆಗಾಲದ ತೇವದಲ್ಲಿ ಜಾಸ್ತಿ ದಿನ ಬಾಳುವುದಿಲ್ಲ. ಟೆಸ್ಟ್ ಮ್ಯಾಚ್ ನೋಡುತ್ತಾ ಹೊಸೆದಿಟ್ಟ ಹೂಬತ್ತಿಗಳಿದ್ದರೆ ಅವನ್ನು ಮಾತ್ರ ಕೂಡಿಡಬೇಡಿ. ಉರಿಸಿ. ಹೊಸೆದದ್ದೇ ಅದಕ್ಕೆ.

ಜನರ ಹತ್ತಿರ ನೆನಪು ಕೇಳುವಾಗ ಪ್ರಶ್ನೆ ಸರಿಯಾಗಿರಲಿ. "ಅಜ್ಜಿ ಹೇಗಿದ್ದರು?" ಅಂದರೆ "ದೇವರಂಥ ಮನುಷ್ಯರು" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು "1983ರ ಫೈನಲ್ ದಿನ ಅಜ್ಜಿ ಎಲ್ಲಿದ್ದರು?" ಅಂತ ಕೇಳಿ. 1974ರಲ್ಲಿ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕವು 15 ವರ್ಷ ಸತತವಾಗಿ ಕಪ್ ಗೆದ್ದಿದ್ದ ಬಾಂಬೆಯನ್ನು ಮಣಿಸಿದಾಗ, ಬಾಂಬೆಯಲ್ಲೇ ಇದ್ದ ಕನ್ನಡದ ಹೆಂಗಸು ಯಾರ ಪರ ಕೂಗಿದಳು? 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ಕಿತ್ತಾಗ ಜಾಗ ಬಿಟ್ಟು ಏಳಬಾರದು ಅಂತ ಯಾರ್ಯಾರನ್ನು ಕೂರಿಸಿದ್ದರು? ಹೀಗೆ ಕೇಳಿದರೆ ಎದುರು ಮನೆಯ ಮರಾಠಿ ಆಜಿ ಕೂಡ ಒಂದು ಗಂಟೆ ಮಾತಾಡುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರಿಗೆ ಹೇಳಿಯೇ ಮಾಡಿ.

ವರ್ಷದ ತಿಥಿ ನಿಮ್ಮ ಮನೆಯ ಪದ್ಧತಿಯಂತೆ ನಡೆಯಲಿ, ಅದರಲ್ಲಿ ನಾನು ಹೇಳುವುದೇನೂ ಇಲ್ಲ. ಅದರ ಜೊತೆಗೆ ಒಂದು ಆಟದ ದಿನವೂ ಇರಲಿ ಅನ್ನುವುದೇ ನನ್ನ ಮಾತು, ಯಾಕೆಂದರೆ ಶ್ರಾದ್ಧದ ದಿನ ಮಕ್ಕಳಿಗೆ ಅಜ್ಜಿ ಅಂದರೆ ಹಾರ ಹಾಕಿದ ಫೋಟೋ ಅಷ್ಟೇ, ಆದರೆ ಅಜ್ಜಿ ನೋಡುತ್ತಿದ್ದ ಆಟವನ್ನು ಎದುರಿಗೆ ತೋರಿಸಿದರೆ ಅವರು ತಾವಾಗಿಯೇ ಅಜ್ಜಿಯ ಬಗ್ಗೆ ಕೇಳತೊಡಗುತ್ತಾರೆ. ಭಾನುವಾರ ಬೆಳಿಗ್ಗೆ ದಾದರಿನ ಶಿವಾಜಿ ಪಾರ್ಕಿಗೆ ಕರೆದುಕೊಂಡು ಹೋಗಿ, ಕಟ್ಟೆಯ ಮೇಲೆ ಕೂರಿಸಿ. ಒಂದೇ ಮೈದಾನದಲ್ಲಿ ಅಷ್ಟೊಂದು ಆಟ, ಯಾವ ಚೆಂಡು ಯಾರದ್ದು ಅಂತ ತಿಳಿಯುವುದೇ ಕಷ್ಟ. ಮಳೆಗಾಲವಾದರೆ ಆಜಾದ್ ಮೈದಾನದಲ್ಲಿ ಕಾಂಗಾ ಲೀಗ್ ನೋಡಬಹುದು, 1948ರಿಂದ ಮಳೆಯಲ್ಲೇ ನಡೆದುಬಂದ ಪಂದ್ಯಾವಳಿ. ಚಳಿಗಾಲದಲ್ಲಿ ರಣಜಿ. ವಾಂಖೆಡೆಗೆ ಹೋದರೆ ಮಕ್ಕಳಿಗೆ ಹೇಳಿ, 2015ರ ರಣಜಿ ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದು ಕರ್ನಾಟಕಕ್ಕೆ ಕಪ್ ತಂದದ್ದು ಇಲ್ಲೇ ಅಂತ.

ದುಡ್ಡು ಖರ್ಚು ಮಾಡಿ ಏನಾದರೂ ಮಾಡಬೇಕು ಅನ್ನಿಸಿದರೆ ಪೇಪರಿನಲ್ಲಿ ದೊಡ್ಡ ಶ್ರದ್ಧಾಂಜಲಿ ಹಾಕಿಸುವುದಕ್ಕಿಂತ ಮಹಾನಗರ ಪಾಲಿಕೆಯ ಕನ್ನಡ ಶಾಲೆಯೊಂದಕ್ಕೆ ಹೋಗಿ, ಅಲ್ಲಿನ ಹೆಣ್ಣುಮಕ್ಕಳ ಆಟಕ್ಕೆ ಏನು ಬೇಕು ಅಂತ ಟೀಚರನ್ನೇ ಕೇಳಿ. ನೀವೇ ಊಹಿಸಿಕೊಂಡು ಕೊಳ್ಳಬೇಡಿ. ಸೀಸನ್ ಬಾಲ್, ಅಂದರೆ ಗಟ್ಟಿ ಚರ್ಮದ ಚೆಂಡಿನ ಕಿಟ್ ಕೊಟ್ಟರೆ ಪ್ಯಾಡು, ಹೆಲ್ಮೆಟ್ಟು, ಪಿಚ್ಚು ಎಲ್ಲ ಬೇಕು, ಸಿಮೆಂಟ್ ಅಂಗಳದ ಶಾಲೆಗೆ ಟೆನಿಸ್ ಬಾಲು, ಥ್ರೋಬಾಲು, ಒಂದು ಗಟ್ಟಿ ನೆಟ್ಟೇ ಸಾಕಾಗಬಹುದು. ಪ್ರತಿ ವರ್ಷ ಜೂನ್‌ನಲ್ಲಿ ಕೊಡಿ, ಚೆಂಡುಗಳು ಕಳೆದುಹೋಗುತ್ತವೆ.

ದೊಡ್ಡ ಮ್ಯಾಚ್ ಬಂದ ದಿನ ಕಷ್ಟವಾಗುತ್ತದೆ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಮಧ್ಯರಾತ್ರಿ ದಾಟಿತ್ತು, ನಮ್ಮ ಬಿಲ್ಡಿಂಗಿನಲ್ಲೆಲ್ಲ ಪಟಾಕಿ, ನಾನು ಮಾತ್ರ ಅಡುಗೆಮನೆಗೆ ಹೋಗಿ ಅತ್ತೆ. 1976ರಲ್ಲಿ ಶಾಂತಾ ರಂಗಸ್ವಾಮಿ ನಾಯಕಿಯಾಗಿ ಭಾರತದ ಹೆಣ್ಣುಮಕ್ಕಳ ಮೊದಲ ಟೆಸ್ಟ್ ಆಡಿದ್ದನ್ನು ಕತೆಯಂತೆ ಹೇಳುತ್ತಿದ್ದ ಅಜ್ಜಿ ಇದನ್ನು ನೋಡಬೇಕಿತ್ತು, ಅಲ್ವಾ? ಅಂಥ ದಿನ ಟಿವಿ ಆರಿಸಬೇಡಿ. ಅಜ್ಜಿಯ ಕುರ್ಚಿಯನ್ನು ಖಾಲಿ ಬಿಡಬೇಡಿ, ಮನೆಯಲ್ಲಿ ಚಿಕ್ಕವರು ಯಾರಿದ್ದಾರೋ ಅವರನ್ನು ಕೂರಿಸಿ, ಪೆನ್ಸಿಲ್ ಕೈಗೆ ಕೊಟ್ಟು ಕ್ಯಾಲೆಂಡರ್ ತುಂಬುವ ಕೆಲಸ ಅವರಿಗೇ ವಹಿಸಿ.